ಇವರು ಬಿಟ್ಟುಹೋದ ಐವತ್ತು ಪರ್ಸೆಂಟು

ನಮ್ಮ ಕಡೆ ಅಡಿಕೆ ತೋಟದ ಬೇಲಿಗೋ, ಮನೆಯ ಗೇಟಿಗೋ, ಪಂಪ್‌ಸೆಟ್ಟಿನ ಗೂಡಿಗೋ ಒಂದು ಬೋರ್ಡು ನೇತುಹಾಕುವ ರೂಢಿಯಿದೆ. ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿ ಅಮ್ಮನವರ ಕಾವಲಿದೆ ಎಂದು ತಿಳಿಸುವ ಬೋರ್ಡು. ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ಊರಿನ ದಾರಿ ಹಿಡಿದರೂ ಒಂದಲ್ಲ ಒಂದು ಕಡೆ ಅದು ಕಣ್ಣಿಗೆ ಬೀಳುತ್ತದೆ. ಅಂಥ ಬೋರ್ಡಿರುವ ತೋಟದಿಂದ ಒಂದು ಗೋಟಡಿಕೆ ಎತ್ತುವುದಕ್ಕೂ ಕಳ್ಳನ ಕೈ ನಡುಗುತ್ತದೆ ಎಂಬುದು ನಂಬಿಕೆ. ನಮ್ಮ ಕಾರಿನ ಹಿಂದಿನ ಗಾಜಿನ ಮೇಲೂ ಅಮ್ಮನ ಒಂದು ಸ್ಟಿಕ್ಕರಿದೆ. ಹಾಗಿರುವಾಗ ಕಾರಿಗೆ ಇನ್ಶೂರೆನ್ಸ್ ಏಕೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಏಕೆಂದರೆ ಅದನ್ನು ಯೋಚಿಸುವ ಕೆಲಸ ಇವರದಾಗಿತ್ತು.

2018ರ ಮಾರ್ಚಿನಲ್ಲಿ, ಒಂದು ಬೆಳಗಿನ ಜಾವ, ಎದೆನೋವು ಎಂದವರು ನಮ್ಮನ್ನು ಬಿಟ್ಟು ಹೋದರು. ಬಂದ ನೆಂಟರೆಲ್ಲ ಹೊರಟು ಮನೆ ಬರಿದಾದ ಮೇಲೆ ಭಾವ ಜಗಲಿಯ ಮೇಲೆ ಕೂತು ಲೆಕ್ಕಪತ್ರದ ಮಾತೆತ್ತಿದರು. ಪಿಂಚಣಿ, ಬ್ಯಾಂಕು, ಗ್ಯಾಸಿನ ಪುಸ್ತಕ ಎಲ್ಲ ಆಗಿ ಕೊನೆಗೆ ಕಾರಿಗೆ ಬಂತು.

"ಇನ್ನು ನಿಂಗೆಂತಕ್ಕೆ ಕಾರು? ಮಾರಿಬಿಡು. ವರ್ಷಾ ವರ್ಷಾ ಇನ್ಶೂರೆನ್ಸ್ ಕಟ್ಟೋದೇ ಒಂದು ಖರ್ಚು. ಇಟ್ಕೊಳ್ಳೋದೇ ಆದ್ರೆ ಪೊಲೀಸ್ರಿಗೆ ತೋರ್ಸಕ್ಕೆ ಒಂದು ಥರ್ಡ್ ಪಾರ್ಟಿ ಮಾಡ್ಸು, ಸಾಕು. ಉಳಿದದ್ದಕ್ಕೆ ಅಮ್ಮನ ಸ್ಟಿಕ್ಕರ್ ಉಂಟಲ್ಲ" ಎಂದರು.

ಭಾವ ಕೆಟ್ಟವರಲ್ಲ. ತಮ್ಮನ ಹೆಂಡತಿ ದುಡ್ಡು ಕಳೆದುಕೊಳ್ಳದಿರಲಿ ಎಂದೇ ಹೇಳಿದ್ದು. ಆದರೆ ಆ ಕಾರು ನನಗೆ ಏಕೆ ಬೇಕು ಎಂಬುದು ಅವರಿಗೆ ತಿಳಿದಿರಲಿಲ್ಲ. ನನ್ನ ತವರು ಹೊಳೆಯ ಆಚೆ, ತುಮರಿಯ ಹತ್ತಿರ. ಹೊಳೆ ಎಂದು ಬಾಯಿಮಾತಿಗೆ ಹೇಳುತ್ತೇವೆ, ನಿಜಕ್ಕೂ ಅದು ಲಿಂಗನಮಕ್ಕಿಯ ಹಿನ್ನೀರು. 1964ರಲ್ಲಿ ಅಣೆಕಟ್ಟು ಮುಗಿದು ಶರಾವತಿ ತುಂಬಿಕೊಂಡಾಗ ನಮ್ಮ ಕಡೆಯ ಹಳ್ಳಿಗಳು ಸಾಗರಕ್ಕೆ ಇದ್ದ ನೇರ ದಾರಿಯನ್ನೇ ಕಳೆದುಕೊಂಡವು. ನಾಡಿಗೆಲ್ಲ ಕರೆಂಟು ಕೊಟ್ಟ ನೀರು ನಮ್ಮನ್ನು ದ್ವೀಪ ಮಾಡಿತು. ಸಾಗರದಿಂದ ಆವಿನಹಳ್ಳಿಯ ಮೇಲೆ ಹೊಳೆಬಾಗಿಲಿಗೆ ಹೋಗಿ, ಅಲ್ಲಿ ಲಾಂಚ್ ಹತ್ತಿ, ಕಳಸವಳ್ಳಿಯಲ್ಲಿ ಇಳಿದರೆ ತವರು. ಸಂಜೆಯ ಕೊನೆಯ ಲಾಂಚ್ ತಪ್ಪಿತೋ, ಅಂದಿನ ಮಟ್ಟಿಗೆ ತವರೂ ತಪ್ಪಿತು. ಆ ಮನೆಯಲ್ಲಿ ಆಗ ಎಂಬತ್ತನಾಲ್ಕು ವರ್ಷದ ನನ್ನ ಅಮ್ಮ ಇದ್ದಳು. ಬಸ್ಸಿನಲ್ಲಿ ಹೋಗಿ, ಲಾಂಚಿನಲ್ಲಿ ನಿಂತು, ಆಚೆ ದಡದಲ್ಲಿ ಮತ್ತೊಂದು ವಾಹನಕ್ಕೆ ಕಾದು ಮುಟ್ಟುವಷ್ಟರಲ್ಲಿ ವಾಪಸು ಹೊರಡುವ ಹೊತ್ತಾಗುತ್ತಿತ್ತು. ಕಾರಿದ್ದರೆ ಕಾರನ್ನೇ ಲಾಂಚಿಗೆ ಹತ್ತಿಸಿ ಅಮ್ಮನ ಅಂಗಳದಲ್ಲೇ ಇಳಿಯಬಹುದಿತ್ತು. ಅದಕ್ಕೆಂದೇ ನಾನು ನಲವತ್ತಾರನೆಯ ವಯಸ್ಸಿನಲ್ಲಿ, ಮಗಳು ನಕ್ಕರೂ ಬಿಡದೆ, ಇವರಿಂದಲೇ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದೆ.

"ಮಾರುವುದಿಲ್ಲ ಭಾವ" ಎಂದೆ. ಅವರು ಮತ್ತೇನೂ ಹೇಳಲಿಲ್ಲ.

ಕಾರಿನ ಕಾಗದಗಳು ಬೀರುವಿನ ಕೆಳಗಿನ ಅರೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಕೂತಿದ್ದವು. ಇವರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. 2012ರ ಜೂನಿನಲ್ಲಿ ಎಂಟುನೂರು ಸಿ.ಸಿ.ಯ ಮಾರುತಿ ಕೊಂಡ ದಿನದಿಂದ ಒಂದು ನೋಟ್‌ಬುಕ್ ಇಟ್ಟಿದ್ದರು. ಎಷ್ಟು ಕಿಲೋಮೀಟರು, ಎಷ್ಟು ಪೆಟ್ರೋಲು, ಯಾವತ್ತು ಗಾಳಿ ಹಾಕಿಸಿದ್ದು, ಎಲ್ಲವೂ ಅದರಲ್ಲಿ. ಗಾಡಿ ಓಡಿಸುವುದರಲ್ಲಿಯೂ ಹಾಗೆಯೇ. ನಲವತ್ತು ದಾಟಿದವರಲ್ಲ. ತಿರುವು ಕಾಣುವ ಮೊದಲೇ ಹಾರನ್ನು. ದಾರಿಯಲ್ಲಿ ಎಮ್ಮೆ ಮಲಗಿದ್ದರೆ ಅದು ಏಳುವವರೆಗೆ ಕಾಯುತ್ತಿದ್ದರು. ಮದುವೆ ಮನೆಗೆ ನಾವು ತಲುಪುವಾಗ ಜನ ಎರಡನೇ ಪಂಕ್ತಿಗೆ ಕೂತಿರುತ್ತಿದ್ದರು. "ಎತ್ತಿನ ಗಾಡಿ ಬಂತು" ಎಂದು ನನ್ನ ತಮ್ಮನ ಮಕ್ಕಳು ಕೂಗುತ್ತಿದ್ದರು. ನನಗೂ ಎಷ್ಟೋ ಸಲ ರೇಗಿ, "ನಡೆದು ಹೋಗಿದ್ರೆ ಇಷ್ಟರಲ್ಲಿ ಮುಟ್ತಿದ್ವಿ" ಎಂದದ್ದುಂಟು.

ಪಾಲಿಸಿ ಜೂನ್ 11ಕ್ಕೆ ಮುಗಿಯುವುದಿತ್ತು. ಇನ್ಶೂರೆನ್ಸ್ ಮಾಡಿಸಿಕೊಡುವ ಹುಡುಗನನ್ನು ಕರೆಸಿದೆ. ಅವನು ಕ್ಯಾಲ್ಕ್ಯುಲೇಟರ್ ಒತ್ತಿ, ತೆರಿಗೆ ಬಿಟ್ಟು 7,055 ರೂಪಾಯಿ ಎಂದ. ಇವರ ಕಾಗದಗಳಲ್ಲಿ ಹಿಂದಿನ ವರ್ಷದ್ದು ಐದು ಸಾವಿರವನ್ನೂ ಮುಟ್ಟಿರಲಿಲ್ಲ. ಕಾರು ಒಂದು ವರ್ಷ ಹಳೆಯದಾದರೆ ದುಡ್ಡು ಕಡಿಮೆಯಾಗಬೇಕಲ್ಲ, ಹೆಚ್ಚಾಗುವುದು ಹೇಗೆ ಎಂದು ಕೇಳಿದೆ.

"ಸಾರ್‌ಗೆ ಐವತ್ತು ಪರ್ಸೆಂಟ್ ನೋ ಕ್ಲೇಮ್ ಬೋನಸ್ ಇತ್ತು ಅಕ್ಕಾ. ನೀವು ಕಂಪನಿಗೆ ಹೊಸಬ್ರು, ಸೊನ್ನೆಯಿಂದ ಶುರು. ಅವ್ರ ಬೋನಸ್ಸು ಅವ್ರ ಜೊತೆಗೇ ಹೋಯ್ತು."

ಹುಡುಗ ಬೇಕೆಂದು ಹೇಳಿದ್ದಲ್ಲ. ಆದರೂ ಆ ಮಾತು ಎದೆಗೆ ತಾಗಿತು. ಒಳಗೆ ಹೋಗಿ ಕಾಫಿ ಮಾಡುವ ನೆಪದಲ್ಲಿ ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಮೂರು ಸಾವಿರ ರೂಪಾಯಿ ದೊಡ್ಡದಲ್ಲ. ಆರು ವರ್ಷ ಎಮ್ಮೆ ಏಳುವವರೆಗೆ ಕಾದವರ ಕಾಯುವಿಕೆಗೆ ಬೆಲೆಯೇ ಇಲ್ಲವೇ, ಅದೆಲ್ಲ ಸೊನ್ನೆಯೇ ಎಂಬುದು ನನ್ನ ಸಂಕಟ. ನಾಳೆ ಹೇಳುತ್ತೇನೆ ಎಂದು ಹುಡುಗನನ್ನು ಕಳಿಸಿ, ಪಕ್ಕದ ಬೀದಿಗೆ ಹೋದೆ. ನಮ್ಮ ಮಹಿಳಾ ಮಂಡಲದ ಗೆಳತಿಯೊಬ್ಬರ ಯಜಮಾನರು ಇನ್ಶೂರೆನ್ಸಿನಲ್ಲೇ ಡೆವಲಪ್‌ಮೆಂಟ್ ಆಫೀಸರಾಗಿದ್ದು ನಿವೃತ್ತರಾದವರು.

ಅವರು ನಕ್ಕು, "ಮೊದಲು ಕಂಪನಿ ಹೇಗೆ ಲೆಕ್ಕ ಹಾಕುತ್ತದೆ ಅಂತ ತಿಳಿದುಕೊಳ್ಳಿ, ಆಮೇಲೆ ಜಗಳ ಮಾಡಿ" ಎಂದು ಕೂರಿಸಿದರು. ಅವರು ಹೇಳಿದ್ದು ನನಗೆ ಅರ್ಥವಾದದ್ದು ಮದುವೆ ಅಡುಗೆಯ ಲೆಕ್ಕದಲ್ಲಿ. ಐನೂರು ಜನರ ಊಟಕ್ಕೆ ಅಕ್ಕಿ ಎಷ್ಟು ಹಾಕಬೇಕೆಂದು ಅಡುಗೆಯವರಿಗೆ ಗೊತ್ತಿರುತ್ತದೆ. ಯಾರು ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಾರೆ, ಯಾರು ಪಾಯಸ ಮಾತ್ರ ಸುರಿಯುತ್ತಾರೆ ಎಂದು ಒಬ್ಬೊಬ್ಬರದು ಗೊತ್ತಿರುವುದಿಲ್ಲ. ಗುಂಪಿನ ಹಸಿವು ಮಾತ್ರ ಗೊತ್ತು. ವಿಮೆಯೂ ಹಾಗೆಯೇ. ಸಾವಿರ ಕಾರುಗಳಲ್ಲಿ ಯಾವ ಕಾರು ಗುದ್ದಿಕೊಳ್ಳುತ್ತದೆಂದು ಕಂಪನಿಗೆ ತಿಳಿಯದು. ಸುಮಾರು ಎಷ್ಟು ಗುದ್ದಿಕೊಳ್ಳುತ್ತವೆ, ಒಂದೊಂದಕ್ಕೆ ಸುಮಾರು ಎಷ್ಟು ಖರ್ಚು ಎಂದು ಹಳೆಯ ಲೆಕ್ಕದಿಂದ ತಿಳಿದಿರುತ್ತದೆ. ಆ ಖರ್ಚನ್ನೂ ಕಚೇರಿಯ ಖರ್ಚನ್ನೂ ಲಾಭವನ್ನೂ ಸೇರಿಸಿ ಎಲ್ಲರ ಮೇಲೆ ಹಂಚುವುದೇ ಪ್ರೀಮಿಯಂ. ನಮ್ಮ ಹರಕೆಗೂ ಇದಕ್ಕೂ ಇಷ್ಟೇ ವ್ಯತ್ಯಾಸ: ಹರಕೆ ಕೆಲಸ ಆದಮೇಲೆ ತೀರಿಸುವುದು, ಪ್ರೀಮಿಯಂ ಕೆಡುಕು ಆಗುವ ಮೊದಲೇ ಕಟ್ಟುವುದು.

ಆದರೆ ಎಲ್ಲರ ಮೇಲೂ ಒಂದೇ ಸಮ ಹಂಚಿದರೆ ಅನ್ಯಾಯವಲ್ಲವೇ? ಹಾಗಾಗಿ ಕಾರುಗಳನ್ನು ಜಾತಿ ಜಾತಿ ಮಾಡುತ್ತಾರೆ. ಅವರು ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದರು. 2002ರ ಜುಲೈಯಿಂದ ಜಾರಿಗೆ ಬಂದ ಇಂಡಿಯಾ ಮೋಟಾರ್ ಟ್ಯಾರಿಫ್. 1973ರಲ್ಲಿ ಸಾಮಾನ್ಯ ವಿಮೆ ಸರ್ಕಾರದ ಕೈಗೆ ಬಂದು ನಾಲ್ಕೇ ಕಂಪನಿಗಳಿದ್ದವು. ಎಲ್ಲಿ ಮಾಡಿಸಿದರೂ ದರ ಒಂದೇ. 2000ದ ನಂತರ ಖಾಸಗಿಯವರು ಬಂದರು. 2007ರ ಜನವರಿಯಿಂದ, ನಮ್ಮ ಸ್ವಂತ ಕಾರಿನ ನಷ್ಟಕ್ಕೆ ಕಟ್ಟುವ ಭಾಗದ ದರವನ್ನು ಕಂಪನಿಗಳೇ ಗೊತ್ತು ಮಾಡಬಹುದು ಎಂದಾಯಿತು. ಆದರೂ ಹಳೆಯ ಪುಸ್ತಕದ ಕ್ರಮವೇ ಇಂದಿಗೂ ಬುನಾದಿ, ರಿಯಾಯಿತಿಯಲ್ಲಷ್ಟೇ ಪೈಪೋಟಿ ಎಂದರು.

ಆ ಪುಸ್ತಕದಲ್ಲಿ ಕಾರಿಗೆ ಕೇಳುವ ಪ್ರಶ್ನೆಗಳು ಕೆಲವೇ. ಎಂಜಿನ್ ಎಷ್ಟು ಸಿ.ಸಿ.? ವಯಸ್ಸೆಷ್ಟು? ಬೆಲೆ ಎಷ್ಟು? ಎಲ್ಲಿ ನೋಂದಣಿ? ಬೆಲೆಗೆ ಅವರ ಭಾಷೆಯಲ್ಲಿ ಐ.ಡಿ.ವಿ. ಎನ್ನುತ್ತಾರೆ. ಅಂಗಡಿ ಬೆಲೆಯಿಂದ ಸವಕಳಿ ಕಳೆದದ್ದು. ಕೊಂಡು ಆರು ತಿಂಗಳೊಳಗೇ ನೂರಕ್ಕೆ ಐದು ಕಳೆಯುತ್ತಾರೆ, ಒಂದು ವರ್ಷದೊಳಗೆ ಹದಿನೈದು, ಐದನೆಯ ವರ್ಷಕ್ಕೆ ಅರ್ಧಕ್ಕರ್ಧ. ಐದು ವರ್ಷ ದಾಟಿದ ಕಾರಿನ ಬೆಲೆ ನಾವೂ ಕಂಪನಿಯೂ ಮಾತಾಡಿ ಒಪ್ಪಿಕೊಂಡದ್ದು. ಕಾರು ಕಳವಾದರೆ, ಇಲ್ಲವೇ ಪೂರ್ತಿ ಹಾಳಾದರೆ ನಮಗೆ ಸಿಗುವ ಹೆಚ್ಚಿನ ದುಡ್ಡು ಅಷ್ಟೇ. ಪ್ರೀಮಿಯಂ ಕಡಿಮೆಯಾಗಲೆಂದು ಆ ಬೆಲೆಯನ್ನು ತೀರಾ ಇಳಿಸಿ ಬರೆಸಿಕೊಳ್ಳುವವರಿದ್ದಾರೆ. ಕಳವಾದ ದಿನ ಅವರಿಗೆ ಬುದ್ಧಿ ಬರುತ್ತದೆ.

ನಮ್ಮದಕ್ಕೆ 1,60,000 ಎಂದು ಹಾಕಿದ್ದರು. ಸಾವಿರ ಸಿ.ಸಿ.ಯ ಒಳಗಿನ, ಐದರಿಂದ ಹತ್ತು ವರ್ಷದ ಕಾರಿಗೆ ಹಳೆಯ ಪುಸ್ತಕದ ದರ ನಮ್ಮಲ್ಲಿ ನೂರಕ್ಕೆ 3.191. ಬೆಂಗಳೂರು, ಮುಂಬಯಿ, ದೆಹಲಿ, ಚೆನ್ನೈಯಂಥ ಎಂಟು ದೊಡ್ಡ ನಗರಗಳು ಒಂದು ವಲಯ, ಅಲ್ಲಿ 3.283, ಉಳಿದ ಇಡೀ ದೇಶ ಇನ್ನೊಂದು ವಲಯ. ಸಿಲ್ಕ್ ಬೋರ್ಡಿನ ಸಂತೆಗೂ ಆವಿನಹಳ್ಳಿಯ ತಿರುವುಗಳಿಗೂ ಅಪಾಯದಲ್ಲಿರುವ ವ್ಯತ್ಯಾಸ ನಮ್ಮ ಕಾರಿನ ಲೆಕ್ಕದಲ್ಲಿ ನೂರ ನಲವತ್ತೇಳು ರೂಪಾಯಿ! ಅದೂ ಕಾರು ಓಡಾಡುವ ಜಾಗ ನೋಡಿ ಅಲ್ಲ, ನಂಬರ್ ಪ್ಲೇಟು ನೋಡಿ. ಬೆಂಗಳೂರಿನಲ್ಲಿ ನೋಂದಣಿಯಾದ ಕಾರು ಸಾಗರದ ಕೊಟ್ಟಿಗೆಯಲ್ಲಿ ಮಲಗಿದ್ದರೂ ಅದು ಬೆಂಗಳೂರಿನ ಕಾರೇ.

"ಮತ್ತೆ ಓಡಿಸುವವರು ಯಾರು ಅಂತ ಕೇಳುವುದಿಲ್ಲವೇ?" ಎಂದೆ.

"ಇಲ್ಲ. ನಮ್ಮ ದೇಶದಲ್ಲಿ ಕಾರಿನ ಜಾತಕ ನೋಡುತ್ತಾರೆ, ಓಡಿಸುವವರದ್ದಲ್ಲ."

ಹೊರದೇಶಗಳಲ್ಲಿ ಹಾಗಲ್ಲವಂತೆ. ಓಡಿಸುವವರ ವಯಸ್ಸು, ಲೈಸೆನ್ಸ್ ಸಿಕ್ಕಿ ಎಷ್ಟು ವರ್ಷ, ಮೊದಲು ಎಷ್ಟು ಸಲ ದಂಡ ಕಟ್ಟಿದ್ದು ಎಲ್ಲ ಕೇಳುತ್ತಾರೆ. ಅದಕ್ಕಿಂತ ಚೆಂದದ ಸಂಗತಿ ಇನ್ನೊಂದಿದೆ. ಯುರೋಪಿನಲ್ಲಿ ಹಿಂದೆ ಹೆಂಗಸರಿಗೆ, ಅದರಲ್ಲೂ ಎಳೆಯ ಹುಡುಗಿಯರಿಗೆ, ಕಾರಿನ ಪ್ರೀಮಿಯಂ ಗಂಡಸರಿಗಿಂತ ಕಡಿಮೆ ಇತ್ತು. ಹುಡುಗರಿಗಿಂತ ಹುಡುಗಿಯರು ಮಾಡುವ ದೊಡ್ಡ ಅಪಘಾತಗಳು ಕಡಿಮೆ ಎಂದು ಕಂಪನಿಗಳ ಲೆಕ್ಕದ ಪುಸ್ತಕವೇ ಹೇಳುತ್ತಿತ್ತು. ಗಂಡು ಹೆಣ್ಣೆಂದು ಬೇರೆ ಬೇರೆ ದರ ಹಾಕಬಾರದೆಂದು ಅಲ್ಲಿನ ನ್ಯಾಯಾಲಯ 2011ರಲ್ಲಿ ತೀರ್ಪು ಕೊಟ್ಟು, 2012ರ ಡಿಸೆಂಬರ್ 21ರಿಂದ ಆ ರಿಯಾಯಿತಿ ನಿಂತಿತು. ನಿಂತರೆ ನಿಲ್ಲಲಿ. ಸ್ಟಿಯರಿಂಗ್ ಹಿಂದೆ ಸೀರೆ ಕಂಡ ಕೂಡಲೇ "ಓ, ಹೆಂಗಸು ಓಡಿಸ್ತಾ ಇದೆ, ದಾರಿ ಬಿಡ್ರೋ" ಎನ್ನುವವರಿಗೆ ಹೇಳಲು ನನಗೊಂದು ಉತ್ತರ ಸಿಕ್ಕಿತು.

ನಮ್ಮಲ್ಲಿ ಓಡಿಸುವವರ ಗುಣ ಲೆಕ್ಕಕ್ಕೆ ಬರುವುದು ಒಂದೇ ಬಾಗಿಲಿನಿಂದ, ಅದೇ ನೋ ಕ್ಲೇಮ್ ಬೋನಸ್ಸು. ಒಂದು ವರ್ಷ ಕಂಪನಿಯಿಂದ ಏನೂ ಕೇಳದಿದ್ದರೆ ಮುಂದಿನ ವರ್ಷ ನೂರಕ್ಕೆ ಇಪ್ಪತ್ತು ಬಿಡುತ್ತಾರೆ. ಎರಡು ವರ್ಷಕ್ಕೆ ಇಪ್ಪತ್ತೈದು, ಮೂರಕ್ಕೆ ಮೂವತ್ತೈದು, ನಾಲ್ಕಕ್ಕೆ ನಲವತ್ತೈದು, ಐದಕ್ಕೆ ಐವತ್ತು. ಅಲ್ಲಿಗೆ ನಿಲ್ಲುತ್ತದೆ. ಒಂದು ಸಲ ಕ್ಲೇಮ್ ಮಾಡಿದರೆ ಸೊನ್ನೆಗೆ ಬಂದು ಬೀಳುತ್ತದೆ, ಹಾವು ಏಣಿ ಆಟದಲ್ಲಿ ಮೇಲಿನ ಹಾವು ನುಂಗಿದ ಹಾಗೆ. ಪಾಲಿಸಿ ಮುಗಿದು ತೊಂಬತ್ತು ದಿನ ನವೀಕರಿಸದಿದ್ದರೂ ಹೋಯಿತು. ಆ ಬೋನಸ್ಸು ಕಾರಿನದಲ್ಲ, ಕಾರಿನವರದು. ಕಾರು ಮಾರಿದರೆ ಕೊಂಡವರಿಗೆ ಅದು ಸಿಗದು, ಮಾರಿದವರ ಕೈಯಲ್ಲೇ ಉಳಿಯುತ್ತದೆ. ಹುಡುಗ ಹೇಳಿದ್ದು ಈ ನಿಯಮವನ್ನೇ.

"ಆದರೆ ಅವನು ಪೂರ್ತಿ ಓದಿಲ್ಲ" ಎಂದು ಅವರು ಕನ್ನಡಕ ಏರಿಸಿ ಇಂಗ್ಲಿಷಿನ ಎರಡು ಸಾಲು ಓದಿದರು. ಪಾಲಿಸಿದಾರ ತೀರಿಕೊಂಡು ವಾಹನ ಅವನ ಹೆಂಡತಿಗೋ ಗಂಡನಿಗೋ, ಮಕ್ಕಳಿಗೋ, ತಂದೆತಾಯಿಗೋ ಬಂದರೆ ಆ ಬೋನಸ್ಸೂ ಅವರಿಗೇ ಸಲ್ಲತಕ್ಕದ್ದು. ಇನ್ನೊಂದು ಕಡೆ ತೋರಿಸಿದರು: ಪಾಲಿಸಿದಾರ ಸತ್ತ ಕೂಡಲೇ ಪಾಲಿಸಿ ಸಾಯುವುದಿಲ್ಲ. ಮೂರು ತಿಂಗಳು, ಇಲ್ಲವೇ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಜೀವ ಇರುತ್ತದೆ. ಅಷ್ಟರೊಳಗೆ ವಾರಸುದಾರರು ಮರಣ ಪತ್ರ, ಪಾಲಿಸಿಯ ಪ್ರತಿ, ಕಾರು ತಮ್ಮದಾದದ್ದಕ್ಕೆ ದಾಖಲೆ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ಆ ಎರಡು ಸಾಲನ್ನು ನಾನೂ ಬೆರಳಿಟ್ಟು ಓದಿದೆ. ಮತ್ತೊಮ್ಮೆ ಓದಿದೆ. ಗೆಳತಿ ಏನೂ ಹೇಳದೆ ನೀರಿನ ಲೋಟ ತಂದಿಟ್ಟರು.

ಮರುದಿನದಿಂದ ಓಡಾಟ. ಆರ್.ಟಿ.ಓ. ಕಚೇರಿಯಲ್ಲಿ ಕಾರನ್ನು ನನ್ನ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಟ್ಟೆ. ಮಕ್ಕಳ ಒಪ್ಪಿಗೆ ಪತ್ರ ತರಿಸಿದೆ. ವಿಮಾ ಕಚೇರಿಯಲ್ಲಿ ಮೊದಲು ಹುಡುಗ ಹೇಳಿದ ಉತ್ತರವೇ ಬಂತು. ನಾನು ಆ ಪುಟದ ಜೆರಾಕ್ಸ್ ಮುಂದಿಟ್ಟೆ. ಅವರು ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, "ಮೇಡಂ, ಸರಿ ಇದೆ" ಎಂದರು. 5,105ರ ಅರ್ಧ ಬಿಟ್ಟಿತು. ಅದಕ್ಕೆ ಥರ್ಡ್ ಪಾರ್ಟಿ 1,850, ಮಾಲೀಕರ ಅಪಘಾತ ವಿಮೆಗೆ ನೂರು, ಎಲ್ಲ ಸೇರಿ ತೆರಿಗೆ ಬಿಟ್ಟು ನಾಲ್ಕೂವರೆ ಸಾವಿರ. ಹೊಸ ಪಾಲಿಸಿಯಲ್ಲಿ ನನ್ನ ಹೆಸರಿನ ಕೆಳಗೆ ನೋ ಕ್ಲೇಮ್ ಬೋನಸ್ 50 ಎಂದು ಅಚ್ಚಾಗಿತ್ತು. ಇವರ ಪಿಂಚಣಿಯಲ್ಲಿ ಬಂದ ಕುಟುಂಬ ವೇತನ, ಮನೆ, ತೋಟ ಯಾವುದನ್ನು ಪಡೆಯುವಾಗಲೂ ಆಗದಂಥ ಒಂದು ಭಾವನೆ ಆಗ ಆಯಿತು. ಉಳಿದದ್ದೆಲ್ಲ ಇವರು ದುಡಿದದ್ದು. ಇದು ಇವರ ಸ್ವಭಾವ.

ಅಂದು ರಾತ್ರಿ ಪಾಲಿಸಿಯನ್ನು ಮೊದಲಿನಿಂದ ಕೊನೆಯವರೆಗೆ ನಿಘಂಟು ಇಟ್ಟುಕೊಂಡು ಓದಿದೆ. ಬೆಂಕಿ, ಸಿಡಿಲು, ಕಳವು, ಗಲಭೆ, ಭೂಕಂಪ, ನೆರೆ, ಬಿರುಗಾಳಿ, ಗುಡ್ಡ ಕುಸಿತ. ಇವುಗಳಿಂದಾದ ನಷ್ಟಕ್ಕೆ ಕಂಪನಿ ಹೊಣೆ. ಅವುಗಳ ಮಧ್ಯೆ ಒಂದು ಸಾಲು: ರಸ್ತೆ, ರೈಲು, ಒಳನಾಡು ಜಲಮಾರ್ಗ, ಲಿಫ್ಟ್ ಅಥವಾ ವಿಮಾನದಲ್ಲಿ ಸಾಗಿಸುವಾಗ ಆದ ನಷ್ಟ. ಒಳನಾಡು ಜಲಮಾರ್ಗ! ಎಂದರೆ ನಮ್ಮ ಲಾಂಚು. ಹೊಳೆಬಾಗಿಲನ್ನು ಕಂಡಿರದ ಯಾರೋ ಎಲ್ಲೋ ಕೂತು ಬರೆದ ಆ ಪಟ್ಟಿಯಲ್ಲಿ ನನ್ನ ತವರಿನ ದಾರಿಯಿತ್ತು. ಲಾಂಚಿನ ಹಲಗೆಯ ಮೇಲೆ ಕಾರು ನಿಂತು ಸುತ್ತ ನೀರು ಮಾತ್ರ ಕಾಣುವಾಗ ಪ್ರತಿ ಸಲ ಹ್ಯಾಂಡ್‌ಬ್ರೇಕ್ ಬಿಗಿಹಿಡಿದು ಅಮ್ಮನನ್ನು ನೆನೆಯುತ್ತಿದ್ದವಳು ನಾನು. ಭಾವ ಹೇಳಿದಂತೆ ಬರೀ ಥರ್ಡ್ ಪಾರ್ಟಿ ಮಾಡಿಸಿದ್ದರೆ ಈ ಸಾಲು ನನ್ನದಾಗುತ್ತಿರಲಿಲ್ಲ.

ಥರ್ಡ್ ಪಾರ್ಟಿ ಎಂಬುದರ ಬಗ್ಗೆಯೂ ಒಂದು ಮಾತು. ಪೊಲೀಸರಿಗೆ ತೋರಿಸಲು ಎಂದು ಭಾವನಂತೆ ಬಹಳ ಜನ ತಿಳಿದಿದ್ದಾರೆ. ನಮ್ಮ ಕಾರಿನಿಂದ ದಾರಿಹೋಕರಿಗೆ ಸಾವುನೋವಾದರೆ ಅವರಿಗೆ ಕೊಡಬೇಕಾದ ಪರಿಹಾರದ ಹೊಣೆ ಅದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯ. ಅದರ ದರವನ್ನು ಕಂಪನಿ ಇಷ್ಟ ಬಂದಂತೆ ಹಾಕುವಂತಿಲ್ಲ, ಬೋನಸ್ಸೂ ಅದಕ್ಕಿಲ್ಲ. ಕಾರಿನ ಸಿ.ಸಿ. ನೋಡಿ ದೇಶಕ್ಕೆಲ್ಲ ಒಂದೇ ದರ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ ಸಾವಿರ ಸಿ.ಸಿ. ಒಳಗಿನ ಕಾರಿಗೆ 2,094 ರೂಪಾಯಿ, ಸಾವಿರದ ಐನೂರರವರೆಗೆ 3,416.

ಈ ಪರಿಹಾರದ ಲೆಕ್ಕದಲ್ಲಿ ನಮ್ಮ ಬೆಲೆಯೂ ಬರುತ್ತದೆ ಎಂಬುದನ್ನು ನಾವು ಹೆಂಗಸರು ತಿಳಿದಿರಬೇಕು. ಸಂಬಳವಿಲ್ಲದ ಗೃಹಿಣಿ ಅಪಘಾತದಲ್ಲಿ ಸತ್ತರೆ ನಷ್ಟ ಎಷ್ಟು? 1994ರಲ್ಲಿ ಕಾಯ್ದೆಗೆ ಸೇರಿದ್ದ ಪಟ್ಟಿಯಲ್ಲಿ, ದುಡಿಯದ ಹೆಂಡತಿಯ ಆದಾಯವೆಂದರೆ ಗಂಡನ ಆದಾಯದ ಮೂರನೆಯ ಒಂದು ಭಾಗ ಎಂದಿತ್ತು. ಗಂಡ ಕೂಲಿಯಾದರೆ ಅವಳ ಅಡುಗೆ ಅಗ್ಗ, ಸಾಹೇಬನಾದರೆ ತುಟ್ಟಿ! 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ದೆಹಲಿಯ ದಂಪತಿಯೊಬ್ಬರ ಪ್ರಕರಣದಲ್ಲಿ, ಮನೆಗೆಲಸಕ್ಕೂ ದುಡಿಮೆಯ ಬೆಲೆಯುಂಟು, ಅದಕ್ಕೆ ಆದಾಯ ಕಟ್ಟಿ ಪರಿಹಾರ ಕೊಡಬೇಕು ಎಂದು ಒತ್ತಿ ಹೇಳಿತು. ಸತ್ತಮೇಲಾದರೂ ಒಪ್ಪಿಕೊಂಡರಲ್ಲ ಎಂದು ನನ್ನ ಗೆಳತಿ ಅಂದಳು.

ಇನ್ನೊಂದನ್ನು ಬದುಕಿರುವಾಗಲೇ ನೋಡಿಕೊಳ್ಳಿ. ಪಾಲಿಸಿಯ ಜೊತೆ ಇರುವ ಮಾಲೀಕ-ಚಾಲಕರ ಅಪಘಾತ ವಿಮೆ ಇವರ ಕಾಲದಲ್ಲಿ ಎರಡು ಲಕ್ಷವಿತ್ತು, 2018ರ ಕೊನೆಯ ಹೊತ್ತಿಗೆ ಹದಿನೈದು ಲಕ್ಷವಾಯಿತು. ಅದು ಸಲ್ಲುವುದು ಆರ್.ಸಿ.ಯಲ್ಲಿ ಹೆಸರಿರುವವರಿಗೆ ಮಾತ್ರ, ಅದೂ ಲೈಸೆನ್ಸ್ ಇದ್ದರೆ. ಕಾರು ಗಂಡನ ಹೆಸರಲ್ಲಿದ್ದು ನೀವು ಓಡಿಸುವವರಾದರೆ ಆ ದುಡ್ಡು ನಿಮ್ಮ ಮಕ್ಕಳಿಗಿಲ್ಲ. ಸ್ವಲ್ಪ ಹೆಚ್ಚು ಕಟ್ಟಿ ನಿಮ್ಮ ಹೆಸರನ್ನು ಬೇರೆಯಾಗಿ ಸೇರಿಸಬೇಕು. ಹಾಗೆಯೇ ಬಿಳಿ ಬೋರ್ಡಿನ ಸ್ವಂತ ಕಾರಿನಲ್ಲಿ ನಾಲ್ಕು ಜನರನ್ನು ಸಿಗಂದೂರಿಗೆ ಕರೆದೊಯ್ದು ಬಾಡಿಗೆ ತೆಗೆದುಕೊಂಡಿರೋ, ಆ ದಿನ ನಷ್ಟವಾದರೆ ಕಂಪನಿ ಕೈ ಎತ್ತುತ್ತದೆ. ಬಾಡಿಗೆಯ ಕಾರಿನ ಅಪಾಯ ಬೇರೆ, ದರ ಬೇರೆ.

ಮಾರನೆಯ ವರ್ಷ, 2019ರಲ್ಲಿ, ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿಸುವಾಗ ಮುಂದಿದ್ದ ಜೀಪಿನ ಹಿಂಬದಿಯ ಕೊಂಡಿಗೆ ತಾಗಿ ನಮ್ಮ ಬಂಪರ್ ಒಡೆಯಿತು. ತಪ್ಪು ನನ್ನದೇ. ಗ್ಯಾರೇಜಿನವನು ಬಂಪರಿಗೆ 2,400, ಕೂಲಿ ಬಣ್ಣಕ್ಕೆ 1,600 ಎಂದ. "ಇನ್ಶೂರೆನ್ಸ್ ಉಂಟಲ್ಲಕ್ಕಾ, ಕ್ಲೇಮ್ ಮಾಡಿ" ಎಂದೂ ಸೇರಿಸಿದ. ಈಗ ನಾನು ಮೊದಲಿನವಳಲ್ಲ. ಇವರ ನೋಟ್‌ಬುಕ್ಕಿನ ಖಾಲಿ ಪುಟದಲ್ಲಿ ಕೂಡಿ ಕಳೆದೆ. ಪ್ಲಾಸ್ಟಿಕ್ ಭಾಗಕ್ಕೆ ಕಂಪನಿ ಅರ್ಧ ಮಾತ್ರ ಕೊಡುತ್ತದೆ. ಅಂಥ ಚಿಕ್ಕ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ ಸಾವಿರ ನಮ್ಮದು. ಎಲ್ಲ ಕಳೆದು ಕೈಗೆ ಬರುವುದು ಹೆಚ್ಚೆಂದರೆ 1,800. ಬೋನಸ್ಸು ಐವತ್ತರಿಂದ ಸೊನ್ನೆಗೆ ಬಿದ್ದು ಮತ್ತೆ ಐವತ್ತು ಮುಟ್ಟುವವರೆಗಿನ ಐದು ವರ್ಷಗಳಲ್ಲಿ ಕಳೆದುಕೊಳ್ಳುವುದು, ಕಾರಿನ ಬೆಲೆ ಇಳಿಯುವುದನ್ನು ಹಿಡಿದರೂ, ಐದು ಸಾವಿರದ ಮೇಲೆ. ಬಂಪರಿಗೆ ನಾನೇ ದುಡ್ಡು ಕೊಟ್ಟೆ.

ತಾಳಲಾರದ ನಷ್ಟಕ್ಕೆ ವಿಮೆ, ತಾಳಬಹುದಾದದ್ದಕ್ಕೆ ನಮ್ಮದೇ ಡಬ್ಬಿಯ ದುಡ್ಡು ಎಂಬ ಪಾಠವನ್ನು ಆ ಬಂಪರ್ ಕಲಿಸಿತು. ನಿಜ ಹೇಳಬೇಕೆಂದರೆ ಲೆಕ್ಕ ತಿರುಗುಮುರುಗಾಗಿದ್ದರೂ ನಾನು ಕ್ಲೇಮ್ ಮಾಡುತ್ತಿದ್ದೆನೋ ಇಲ್ಲವೋ. ಇವರು ಆರು ವರ್ಷ ಕಾಯ್ದುಕೊಂಡದ್ದನ್ನು ಒಂದು ಜೀಪಿನ ಕೊಂಡಿಗೆ ಕೊಡಲು ಮನಸ್ಸಿರಲಿಲ್ಲ.

ಅಮ್ಮನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಾ, "ಸಿಗಂದೂರಮ್ಮ ಕಳ್ಳನ್ನ ಕಾಯ್ತಾಳೆ ಮಾರಾಯ್ತಿ. ನೀ ತಿರುವಲ್ಲಿ ಹಾರನ್ ಹಾಕ್ದೆ ಹೋದ್ರೆ ಅವಳಾದ್ರೂ ಎಂತ ಮಾಡ್ತಾಳೆ?" ಎಂದಳು. ಎರಡು ವರ್ಷದ ನಂತರ ಮಳೆಗಾಲದಲ್ಲಿ ಅವಳು ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ನಾನು ಅಲ್ಲೇ ಇದ್ದೆ, ಕಾರೂ ಇತ್ತು. ರಾತ್ರಿಯೆಲ್ಲ ಅವಳ ಕೈ ಹಿಡಿದು ಕೂತು, ಬೆಳಗಿನ ಮೊದಲ ಲಾಂಚಿಗೆ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದೆ. ಅವಸರವಿದ್ದರೂ ನಲವತ್ತು ದಾಟಲಿಲ್ಲ. ಅವಳು ಮತ್ತೆರಡು ವರ್ಷ ಬದುಕಿದಳು. ಕಾರು ಮಾರದಿದ್ದದ್ದು ಒಳ್ಳೆಯದಾಯಿತು ಎಂದು ಭಾವನೇ ಅಂದರು.

2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರು. ಅರವತ್ತು ವರ್ಷ ಕಾದದ್ದನ್ನು ಈಗ ಕೆಲವೇ ನಿಮಿಷದಲ್ಲಿ ದಾಟುತ್ತೇವೆ. ಮೊದಲ ಸಲ ದಾಟುವಾಗ ಪಕ್ಕದಲ್ಲಿ ಮಗಳಿದ್ದಳು. "ಅಮ್ಮಾ, ನಿನ್ನ ಪಾಲಿಸಿಯ ಜಲಮಾರ್ಗ ಇನ್ನು ದಂಡ" ಎಂದು ನಕ್ಕಳು. ಈಗ ಕಾರು ಎಷ್ಟು ಓಡುತ್ತದೆ, ಹೇಗೆ ಓಡುತ್ತದೆ ಎಂಬುದನ್ನು ಅಳೆದು ಪ್ರೀಮಿಯಂ ಹಾಕುವ ಕ್ರಮ ಬಂದಿದೆ, 2022ರ ಜುಲೈನಲ್ಲಿ ವಿಮಾ ಪ್ರಾಧಿಕಾರ ಅದಕ್ಕೆ ಒಪ್ಪಿಗೆ ಕೊಟ್ಟಿದೆ ಎಂದೂ ಹೇಳಿದಳು. ಗಕ್ಕನೆ ಬ್ರೇಕ್ ಹಾಕಿದ್ದು, ವೇಗ ಏರಿಸಿದ್ದು ಎಲ್ಲವನ್ನೂ ಒಂದು ಯಂತ್ರ ಬರೆದಿಡುತ್ತದಂತೆ. ಇವರಿದ್ದಿದ್ದರೆ ಆ ಯಂತ್ರಕ್ಕೆ ಬರೆಯಲು ಏನೂ ಸಿಗುತ್ತಿರಲಿಲ್ಲ.

ಕಾರಿಗೆ ಈಗ ಹದಿಮೂರು ತುಂಬಿದೆ. ಹದಿನೈದಾದ ಮೇಲೆ ನೋಂದಣಿ ಮತ್ತೆ ಮಾಡಿಸಬೇಕು, ಅದಕ್ಕಿಂತ ಮಾರಿ ಬೇರೆ ಕೊಳ್ಳೋಣ ಎನ್ನುತ್ತಾಳೆ ಮಗಳು. ಆಗಲಿ ಎಂದಿದ್ದೇನೆ. ಮಾರಿದ ದಿನ ಕಂಪನಿಯಿಂದ ಬೋನಸ್ಸಿನ ಪತ್ರ ಬರೆಸಿಕೊಳ್ಳಬೇಕು, ಅದು ಮೂರು ವರ್ಷ ಸಲ್ಲುತ್ತದೆ, ಹೊಸ ಕಾರಿಗೆ ಹಾಕಿಸಿಕೊಳ್ಳಬಹುದು. ಅದನ್ನು ಇವರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮರೆಯದ ಹಾಗೆ ಬರೆದಿಟ್ಟಿದ್ದೇನೆ. ಕಾರು ಯಾರಿಗಾದರೂ ಹೋಗಲಿ. ಐವತ್ತು ಪರ್ಸೆಂಟು ಮನೆಯಲ್ಲೇ ಇರುತ್ತದೆ.